ನಲವತ್ತೈದು ಬಾರ್ ಸ್ಟಾರ್ ಬಾರ್ ಎರಡು

ಪಕ್ಕದ ಮನೆಯ ದೊಡ್ಡಪ್ಪ ನನಗೆ ಸಂಬಂಧದಲ್ಲಿ ಏನೂ ಆಗಬೇಕಾಗಿಲ್ಲ. ತಾಯಲೂರಿನಲ್ಲಿ ತಲೆ ಪೂರ್ತಿ ನೆರೆತವರನ್ನು ದೊಡ್ಡಪ್ಪ ಅನ್ನದೆ ಇನ್ನೇನು ಅನ್ನೋದು? ಗ್ರಾಮ ಲೆಕ್ಕಿಗರಾಗಿ ರಿಟೈರಾದವರು. ಆ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಉದ್ದನೆಯ ಹೆಸರು ಬಂದಿದೆ. ದೊಡ್ಡಪ್ಪನಿಗೆ ಅದು ಅಷ್ಟಾಗಿ ಒಗ್ಗಿಲ್ಲ. “ಹೆಸರು ಬದಲಾಯಿಸಿದ್ರೆ ಪೋಡಿ ಆಗಿಬಿಡ್ತದಾ?” ಅಂತ ಕೇಳ್ತಾರೆ.

ರಿಟೈರಾಗಿ ಎಷ್ಟೋ ಕಾಲವಾದರೂ ಅವರ ಜಗಲಿ ಖಾಲಿ ಇರೋದಿಲ್ಲ. ಪೌತಿ ಖಾತೆ ಯಾಕೆ ನಿಂತಿದೆ, ದರಖಾಸ್ತಿನಲ್ಲಿ ಬಂದ ಜಮೀನಿಗೆ ಪಿ ನಂಬರ್ ಯಾವಾಗ ತೆಗೀತಾರೆ, ಅಣ್ಣನ ಭಾಗ ಎಲ್ಲಿಗೆ ಮುಗೀತು, ತಮ್ಮನದು ಎಲ್ಲಿಂದ ಶುರು, ಇಂಥವನ್ನೆಲ್ಲ ಹೊತ್ತುಕೊಂಡು ಸುತ್ತಲ ಹಳ್ಳಿಯವರು ಬರುತ್ತಾರೆ. ಅರ್ಧ ಜನ ತೆಲುಗಿನಲ್ಲಿ ಕೇಳುತ್ತಾರೆ, ದೊಡ್ಡಪ್ಪ ಕನ್ನಡದಲ್ಲಿ ಹೇಳುತ್ತಾರೆ, ಬೈಯಬೇಕಾದಾಗ ಮಾತ್ರ ತೆಲುಗಿಗೆ ಹೋಗುತ್ತಾರೆ. ಆಂಧ್ರದ ಗಡಿ ಇಷ್ಟು ಹತ್ತಿರ ಇರುವಾಗ ಇದರಲ್ಲಿ ಆಶ್ಚರ್ಯವೇನಿಲ್ಲ.

ಅವರ ಹತ್ತಿರ ಒಂದು ನೋಟ್ ಪುಸ್ತಕ ಇದೆ. ಊರು, ಸರ್ವೆ ನಂಬರು, ಹಿಡುವಳಿದಾರನ ಹೆಸರು, ಎಕರೆ-ಗುಂಟೆ. ಸರ್ಕಾರದ ದಾಖಲೆ ಅಲ್ಲ, ಅವರ ಸ್ವಂತ ಜ್ಞಾಪಕದ ಪುಸ್ತಕ. ಬಿಸಿಎ ಓದುವ ಮೊಮ್ಮಗ ರಜೆಗೆ ಬಂದವನು ಅದನ್ನು ಕಂಪ್ಯೂಟರಿಗೆ ಏರಿಸಿದ. ಒಂದು ಸಾಲಿಗೆ ಒಂದು ಜಮೀನು, ಸಾದಾ ಟೆಕ್ಸ್ಟ್ ಫೈಲು. ಇನ್ನು ಮೇಲೆ ಯಾರು ಬಂದು ಯಾವ ನಂಬರ್ ಕೇಳಿದರೂ ಟಕ್ ಅಂತ ತೆಗೆದುಕೊಡೋಣ ಅಂತ, ಫೈಲಿನ ಸಾಲುಗಳನ್ನು ಹುಡುಕುವ ಪುಟ್ಟ ಕಂಪ್ಯೂಟರ್ ಭಾಷೆಯಾದ ಆಕ್‌ನಲ್ಲಿ ಪುಟ್ಟದೊಂದು ಸ್ಕ್ರಿಪ್ಟೂ ಬರೆದ. ನಮ್ಮ ಮಾತು ಹತ್ತಿಕೊಂಡದ್ದು ಅಲ್ಲಿಂದ. ನಮ್ಮಿಬ್ಬರ ಮನೆ ಮಧ್ಯೆ ಕಲ್ಲು ಕೂಚ ನೆಟ್ಟು ತಂತಿ ಎಳೆದಿದೆ, ತಂತಿಯ ಮೇಲೆ ಹೀರೇಬಳ್ಳಿ. ದೊಡ್ಡಪ್ಪ ಆ ಕಡೆ ಕಲ್ಲಿಗೆ ಒರಗಿದರೆ, ನಾನು ಈ ಕಡೆ ನಿಂತುಕೊಳ್ಳಲೇಬೇಕು.

“ಇದೇನಪ್ಪಾ ನಮ್ಮ ಹುಡುಗನ ಕಂಪ್ಯೂಟರ್ರು, ಮುನಿಯಪ್ಪ ಅಂತ ಕೊಟ್ರೆ ಒಬ್ಬ ಮುನಿಯಪ್ಪನೂ ಸಿಕ್ಕಲಿಲ್ಲ. ಫೈಲಿನ ತಲೆಬರಹ ಮಾತ್ರ ತೋರಿಸ್ತು. ಈ ಕಡೆ ಹಳ್ಳಿಗಳಲ್ಲಿ ಮುನಿಯಪ್ಪ ಇಲ್ಲದೇ ಇರ್ತಾನಾ?”

ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ. ಹೆಸರನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟಿದ್ದಾನೆ, ಇಂಗ್ಲಿಷ್ ಅಕ್ಷರದಲ್ಲಿ ‘ಹೆಸರು’ ಅಂತಲೇ ಅದಕ್ಕೆ ಹೆಸರು. ಆಮೇಲೆ ಎರಡು ಓರೆಗೆರೆಗಳ ನಡುವೆ ಅದನ್ನೇ ಬರೆದಿದ್ದಾನೆ: /ಹೆಸರು/. ಫೈಲಿನ ಮೊದಲ ಸಾಲಿನಲ್ಲಿ ಕಾಲಮ್ಮುಗಳ ತಲೆಬರಹವೂ ಅದೇ ಇಂಗ್ಲಿಷ್ ಅಕ್ಷರದಲ್ಲಿ ‘ಹೆಸರು’. ಆಕ್ ತನಗೆ ಹೇಳಿದ್ದನ್ನೇ ಹುಡುಕಿ ಕೊಟ್ಟಿದೆ, ಅದರ ತಪ್ಪೇನಿದೆ?

ಇದನ್ನು ದೊಡ್ಡಪ್ಪನಿಗೆ ಹೇಳುವುದು ಹೇಗೆ ಅಂತ ಯೋಚಿಸುತ್ತಿದ್ದೆ. ಅವರ ಕಚೇರಿಯ ಭಾಷೆಯೇ ಕೈಗೆ ಸಿಕ್ಕಿತು. “ದೊಡ್ಡಪ್ಪಾ, ನೀವು ಮಹಜರ್ ಬರೀವಾಗ ‘ಸದರಿಯವರು’ ಅಂತ ಬರೀತಿದ್ರಲ್ಲ?”

“ಹೌದು. ಮೇಲೆ ಒಂದು ಸಲ ಹೆಸರು ಬರೆದ ಮೇಲೆ ಕೆಳಗೆಲ್ಲಾ ಸದರಿಯವರೇ.”

“ಓದೋನು ಏನು ಮಾಡ್ತಾನೆ? ಮೇಲೆ ನೋಡಿ ಮುನಿಯಪ್ಪ ಅಂತ ತುಂಬ್ಕೋತಾನೆ. ವೇರಿಯಬಲ್ ಅಂದ್ರೆ ಅದೇ. ಆದರೆ ಈ ಎರಡು ಓರೆಗೆರೆ ಒಳಗೆ ಬರೆದ್ರೆ ಆಕ್ ಮೇಲೆ ನೋಡೋದಿಲ್ಲ. ‘ಸದರಿಯವರು’ ಅನ್ನೋ ಹೆಸರಿನ ಮನುಷ್ಯ ಎಲ್ಲಿದ್ದಾನೆ ಅಂತ ಊರೆಲ್ಲಾ ಹುಡುಕುತ್ತೆ.”

ದೊಡ್ಡಪ್ಪ ನಕ್ಕಿದ್ದು ಒಳಗಿದ್ದ ದೊಡ್ಡಮ್ಮನಿಗೂ ಕೇಳಿಸಿತು. “ನಮ್ಮಲ್ಲೂ ಒಬ್ಬ ಹೊಸ ಗುಮಾಸ್ತ ಬಂದಿದ್ದ, ಹಾಗೇ,” ಅಂದವರು ಯಾರು, ಯಾವ ಕಾಲ ಅನ್ನುವುದನ್ನು ಬಾಯಿ ಬಿಡಲಿಲ್ಲ.

ಆಕ್ ಮುಂತಾದವನ್ನು ಕರೆದು ಓಡಿಸುವ ಆದೇಶದ ಕಿಟಕಿಗೆ ಶೆಲ್ ಅನ್ನುತ್ತಾರೆ. ಹುಡುಗನಿಗೆ ಶೆಲ್ ಸ್ಕ್ರಿಪ್ಟಿನ ಅಭ್ಯಾಸ ಇತ್ತು. ಅಲ್ಲಿ ವೇರಿಯಬಲ್ ಬೆಲೆ ಬೇಕಾದರೆ ಅದರ ಹಿಂದೆ ಡಾಲರ್ ಗುರುತು ಹಾಕಬೇಕು. ಹಾಗಾಗಿ ಇಲ್ಲೂ ಒಂದು $ ಸೇರಿಸಿದ. ಈ ಸಲ ತಲೆಬರಹವೂ ಬರಲಿಲ್ಲ. ಈ $ ಗುರುತು ಮೂರು ಮನೆಗೆ ಮೂರು ಥರ. ಶೆಲ್‌ನಲ್ಲಿ ‘ಇದರ ಬೆಲೆ ತೆಗೆ’ ಅಂತ ಅರ್ಥ. ಆಕ್‌ನಲ್ಲಿ ‘ಇಷ್ಟನೇ ಕಾಲಮ್ಮು’ ಅಂತ, $2 ಅಂದರೆ ಎರಡನೇ ಕಾಲಮ್ಮು. ಓರೆಗೆರೆಗಳ ಒಳಗಿನ ಪ್ಯಾಟರ್ನ್‌ನಲ್ಲಿ ‘ಸಾಲು ಇಲ್ಲಿಗೆ ಮುಗೀತು’ ಅಂತ. ಪ್ರೋಗ್ರಾಮನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರಿಂದ ಶೆಲ್ ಅದನ್ನು ಮುಟ್ಟಲೇ ಇಲ್ಲ. ಕೊನೆಗೆ ಉಳಿದ ಅರ್ಥ ಏನು? ಸಾಲು ಮುಗಿದ ಮೇಲೆ ಹೆಸರು ಬಂದಿದ್ದರೆ ತೋರಿಸು. ಮುಗಿದ ಸಾಲಿನ ಮುಂದೆ ಏನು ತಾನೇ ಬರುತ್ತದೆ?

ಸರಿ, ಒಂಟಿ ತೆಗೆದು ಜೋಡಿ ಉದ್ಧರಣ ಹಾಕಿದ. ಈಗ ಶೆಲ್ ಒಳಗೆ ನುಗ್ಗಿ ಹೆಸರನ್ನು ತುಂಬಿತು, ಮುನಿಯಪ್ಪಂದಿರೆಲ್ಲ ಸಾಲಾಗಿ ಬಂದರು. ಆದರೆ ಪಕ್ಕದಲ್ಲೇ ಇದ್ದ $2 ಕೂಡ ಶೆಲ್‌ನ ಬಾಯಿಗೆ ಬಿತ್ತು. ಅಲ್ಲಿ ಅದಕ್ಕೆ ಬೆಲೆ ಇಲ್ಲ, ಹಾಗಾಗಿ ಖಾಲಿಯಾಗಿ ಹೋಯಿತು. ಬರೀ ಸರ್ವೆ ನಂಬರ್ ಅಚ್ಚಾಗಬೇಕಿದ್ದ ಕಡೆ ಇಡೀ ಸಾಲೇ ಅಚ್ಚಾಯಿತು. ಹುಡುಗ ಆ $2ರ ಹಿಂದೆ ಒಂದು ಹಿಂದೋರೆ ಗೆರೆ (\) ಹಾಕಿ ಅದನ್ನೂ ಬಚಾವು ಮಾಡಿದ.

“ಬಿಡು, ಆಯ್ತಲ್ಲ,” ಅಂದರು ದೊಡ್ಡಪ್ಪ. “ಈಗ ನಲವತ್ತೈದು ಬಾರ್ ಎರಡು ತೆಗಿ.”

ತೆಗೆಯಲಿಲ್ಲ. ಆಕ್ ಕೋಪ ಮಾಡಿಕೊಂಡು ವ್ಯಾಕರಣ ತಪ್ಪು ಅಂದಿತು. 45/2ರ ನಡುವಿನ ಗೆರೆಯೂ ಪ್ಯಾಟರ್ನ್ ಮುಗಿಸುವ ಗೆರೆಯೂ ಒಂದೇ. 45ಕ್ಕೆ ಪ್ಯಾಟರ್ನ್ ಮುಗಿದುಹೋಗಿ, ಬಾಲದಲ್ಲಿ ಒಂದು 2, ಒಂದು ಗೆರೆ ನೇತಾಡಿದವು. ಸೆಡ್ ಅನ್ನುವ ಇನ್ನೊಂದು ಸಲಕರಣೆಯಲ್ಲಿ ಈ ತೊಂದರೆ ಬಂದರೆ ಓರೆಗೆರೆಯ ಬದಲು ನೆಟ್ಟಗೆರೆಯನ್ನೋ ಇನ್ನಾವುದೋ ಗುರುತನ್ನೋ ಬೇಲಿಯಾಗಿ ಹಾಕಿಕೊಳ್ಳಬಹುದು. ಆಕ್‌ನಲ್ಲಿ ಆ ಸವಲತ್ತು ಇಲ್ಲ.

ಇಷ್ಟು ಹೊತ್ತೂ ಹುಡುಗನನ್ನು ತಡೆಯದೆ ನೋಡುತ್ತಾ ನಿಂತಿದ್ದೆ. ಈಗ ಬಾಯಿ ಹಾಕಿದೆ. ಜೋಡಿ ಉದ್ಧರಣದ ದಾರಿಯೇ ಕೆಟ್ಟದ್ದು ಅನ್ನುವುದು ನನ್ನ ಹಟ. ಹೊರಗಿನಿಂದ ಬಂದ ಹೆಸರು ಅಲ್ಲಿ ಹೆಸರಾಗಿ ಉಳಿಯುವುದಿಲ್ಲ, ಪ್ರೋಗ್ರಾಮಿನ ತುಂಡೇ ಆಗಿಬಿಡುತ್ತದೆ. ಯಾರಾದರೂ ಹೆಸರಿನ ಜಾಗದಲ್ಲಿ ಕಿಡಿಗೇಡಿತನಕ್ಕೆ ಆಕ್‌ನ ಆದೇಶ ಬರೆದು ಕೊಟ್ಟರೆ ಅದನ್ನೂ ನಿಷ್ಠೆಯಿಂದ ನಡೆಸಿಕೊಡುತ್ತದೆ. ಅರ್ಜಿದಾರನ ಕೈಗೆ ತಹಶೀಲ್ದಾರರ ಮೊಹರು ಕೊಡುತ್ತಾರಾ?

ಸರಿಯಾದ ದಾರಿ ಬೇರೆ ಇದೆ. ಆಕ್‌ನ್ನು ಕರೆಯುವಾಗಲೇ ‘ಮೈನಸ್ ವಿ’ ಅನ್ನುವ ಆಯ್ಕೆಯ ಮೂಲಕ ಬೆಲೆಯನ್ನು ಕೈಗೆ ಕೊಡಬೇಕು. ಒಳಗೆ ಓರೆಗೆರೆಗಳನ್ನು ಪೂರ್ತಿ ಬಿಟ್ಟು, ಕಾಲಮ್ಮು, ಅದರ ಮುಂದೆ ~ ಗುರುತು, ಅದರ ಮುಂದೆ ಬರಿಯ ವೇರಿಯಬಲ್ ಹೆಸರು ಬರೆಯಬೇಕು. ಆಗ ಆಕ್ ‘ಸದರಿ’ ಅಂದರೆ ಯಾರು ಅಂತ ಮೇಲೆ ನೋಡಿ, ಅಲ್ಲಿದ್ದುದನ್ನು ಪ್ಯಾಟರ್ನ್ ಮಾಡಿಕೊಳ್ಳುತ್ತದೆ. ಮಧ್ಯೆ ಓರೆಗೆರೆ ಇದ್ದರೂ ತಕರಾರಿಲ್ಲ.

“ಇಷ್ಟು ಸಣ್ಣ ಸಂಗತೀನ ಮೊದಲೇ ಯಾಕೆ ಮಾಡಿಡಲಿಲ್ಲ ಅವರು?” ಅಂತ ದೊಡ್ಡಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆಕ್ ಹುಟ್ಟಿದ್ದು 1977ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆಲ್ಫ್ರೆಡ್ ಏಹೋ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಗನ್, ಈ ಮೂವರ ಮನೆತನದ ಹೆಸರುಗಳ ಮೊದಲಕ್ಷರ ಕೂಡಿಸಿ ಇಟ್ಟ ಹೆಸರು. ಒಂದು ಸಾಲು, ಎರಡು ಸಾಲಿನ ಸಣ್ಣಪುಟ್ಟ ಪ್ರೋಗ್ರಾಮ್ ಬರೆಯೋದಕ್ಕೆ ಅಂತ ಮಾಡಿದ್ದು. ಜನ ಅದರಲ್ಲಿ ಪುಟಗಟ್ಟಲೆ ಬರೆಯೋದಕ್ಕೆ ಶುರು ಮಾಡಿದರು. ಪ್ರೋಗ್ರಾಮ್ ಓಡುತ್ತಿರುವಾಗಲೇ ವೇರಿಯಬಲ್‌ನಿಂದ ಪ್ಯಾಟರ್ನ್ ಕಟ್ಟಿಕೊಳ್ಳುವ ಶಕ್ತಿ ಬಂದದ್ದು 1985ರ ಹೊಸ ಆವೃತ್ತಿಯಲ್ಲಿ. ಮೈನಸ್ ವಿ ಆಯ್ಕೆ ಇನ್ನೂ ತಡವಾಗಿ, 1989ರ ಸಿಸ್ಟಮ್ ಫೈವ್ ಯೂನಿಕ್ಸ್‌ನ ನಾಲ್ಕನೇ ಬಿಡುಗಡೆಯ ಜೊತೆಗೆ. ಅಂದರೆ ಹುಡುಗನ ಗೊಂದಲ ಅವನೊಬ್ಬನದಲ್ಲ. ಮಾಡಿದವರಿಗೂ ಈ ಸವಲತ್ತು ಬೇಕು ಅಂತ ಹೊಳೆದು, ಅದು ಕೈಗೆ ಬರುವಷ್ಟರಲ್ಲಿ ವರ್ಷಗಳೇ ಹಿಡಿದವು.

“ಮೂರು ಜನ ಸೇರಿ ಮಾಡಿದ್ದಾ? ಅದಕ್ಕೇ,” ಅಂದರು ದೊಡ್ಡಪ್ಪ. ಮೂರು ಜನರ ಜಂಟಿ ಖಾತೆಗಳ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಈಗ 45/2 ಬಂತು. ಜೊತೆಗೆ 145/2 ಬಂತು, 45/21 ಬಂತು. ಪ್ಯಾಟರ್ನ್ ಅಂದರೆ ‘ಎಲ್ಲಾದರೂ ಒಳಗಿದ್ದರೆ ಸಾಕು’ ಅನ್ನುವ ಸ್ವಭಾವದ್ದು. ಮುನಿಯಪ್ಪ ಅಂದರೆ ಚಿಕ್ಕಮುನಿಯಪ್ಪ, ದೊಡ್ಡಮುನಿಯಪ್ಪ ಇಬ್ಬರೂ ಹಿಂದೆಯೇ ಬರುತ್ತಾರೆ. ಅದನ್ನು ತಡೆಯೋದಕ್ಕೆ ವೇರಿಯಬಲ್‌ನ ಹಿಂದೆ ^ ಗುರುತನ್ನೂ ಮುಂದೆ $ ಗುರುತನ್ನೂ ಉದ್ಧರಣದೊಳಗೆ ಬರೆದು ಅಂಟಿಸಿದರೆ ಆಯಿತು: ಇಲ್ಲಿಂದ ಶುರು, ಇಲ್ಲಿಗೆ ಮುಕ್ತಾಯ. ನಾಲ್ಕೂ ಕಡೆ ಚಕ್ಕುಬಂದಿ ಹಾಕಿದ್ದನ್ನು ನೋಡಿ ದೊಡ್ಡಪ್ಪನಿಗೆ ಸಮಾಧಾನವಾಯಿತು.

ಆ ಸಮಾಧಾನ ಕೆಡಿಸಿದ್ದು ಸರ್ನೋಕ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಆಕ್‌ನ ಪುಸ್ತಕ ಬರೆದವರಿಗೆ ಈ ಕಷ್ಟ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ಈ ಶತಮಾನದ ಮೊದಲಲ್ಲಿ ನಮ್ಮ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಅಂತ ಲೆಕ್ಕ. ಕೈಬರಹದ ಪಹಣಿಗೆ ಬೆಲೆ ಹೋಯಿತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿ ಬಂತು. ಅದರಲ್ಲಿ ಸರ್ವೆ ನಂಬರ್ ಮೂರು ಹೋಳು: ಸರ್ವೆ ನಂಬರ್, ಸರ್ನೋಕ್, ಹಿಸ್ಸಾ. ನಡುವಿನ ಸರ್ನೋಕ್‌ನಲ್ಲಿ ಬಹಳ ಸಲ ಏನೂ ಇರೋದಿಲ್ಲ, ಒಂದು ಸ್ಟಾರ್ ಇರುತ್ತದೆ. ಹಾಗಾಗಿ 45/2 ಅನ್ನುವುದು 45/*/2 ಆಗುತ್ತದೆ. ದೊಡ್ಡಪ್ಪನ ಪುಸ್ತಕದ ಹೊಸ ಪುಟಗಳೆಲ್ಲ ಹೀಗೇ. ಹುಡುಗ 45/*/2 ಅಂತ ಕೊಟ್ಟ. ಕಣ್ಣೆದುರಿಗೇ ಫೈಲಿನಲ್ಲಿ ಆ ಸಾಲು ಕಾಣುತ್ತಿದೆ. ಆಕ್ ಮಾತ್ರ ಇಲ್ಲ ಅನ್ನುತ್ತಿದೆ.

ಪ್ಯಾಟರ್ನ್ ಭಾಷೆಯಲ್ಲಿ ಸ್ಟಾರ್ ಅಂದರೆ ಸ್ಟಾರ್ ಅಲ್ಲ, ‘ನನ್ನ ಹಿಂದಿನ ಅಕ್ಷರ ಎಷ್ಟು ಸಲ ಬೇಕಾದರೂ ಬರಲಿ, ಬರದೇ ಇದ್ದರೂ ಸರಿ’ ಅಂತ. ಹೀಗಾಗಿ 45/*/2 ಅನ್ನುವ ಪ್ಯಾಟರ್ನ್‌ನ ಅರ್ಥ: 45, ಆಮೇಲೆ ಎಷ್ಟಾದರೂ ಓರೆಗೆರೆ, ಆಮೇಲೆ ಒಂದು ಓರೆಗೆರೆ, ಆಮೇಲೆ 2. ಇದಕ್ಕೆ 45/2 ಒಪ್ಪುತ್ತದೆ, 45//2 ಒಪ್ಪುತ್ತದೆ. 45/*/2 ಮಾತ್ರ ಒಪ್ಪುವುದಿಲ್ಲ! ತನ್ನನ್ನೇ ತಾನು ಗುರುತಿಸದ ನಂಬರು. “ಇದು ನಮ್ಮ ಇಲಾಖೆಗೆ ಸರಿಯಾಗಿ ಹೊಂದ್ತದೆ ಕಣಪ್ಪಾ,” ಅಂತ ದೊಡ್ಡಪ್ಪ ಮನಸಾರೆ ಒಪ್ಪಿದರು. “ಜಮೀನು ಅಲ್ಲೇ ಇರ್ತದೆ, ರೈತ ಅಲ್ಲೇ ಇರ್ತಾನೆ, ನಂಬರ್ ಸಿಗಲ್ಲ.”

ಚುಕ್ಕಿಯ ಕಥೆಯೂ ಇದೇ, ಅದರ ಮೋಸ ಮಾತ್ರ ತಿರುವುಮುರುವು. ಪ್ಯಾಟರ್ನ್‌ನಲ್ಲಿ ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ. ಇನಿಷಿಯಲ್ಲಿನ ಮುಂದೆ ಚುಕ್ಕಿ ಇಟ್ಟ ಹೆಸರನ್ನು ಹುಡುಕಿದರೆ ಬೇಕಾದವನೂ ಸಿಗುತ್ತಾನೆ, ಬೇಡದವನೂ ನುಸುಳುತ್ತಾನೆ. ಸ್ಟಾರ್ ಇದ್ದದ್ದನ್ನು ಇಲ್ಲ ಅನ್ನಿಸುತ್ತದೆ, ಚುಕ್ಕಿ ಇಲ್ಲದ್ದನ್ನು ಇದೆ ಅನ್ನಿಸುತ್ತದೆ. ಎರಡನೆಯದೇ ಹೆಚ್ಚು ಅಪಾಯ ಅಂತ ನನ್ನ ಲೆಕ್ಕ. ಏನೂ ಬರದಿದ್ದರೆ ಮನುಷ್ಯ ಅನುಮಾನ ಪಡುತ್ತಾನೆ, ಏನೋ ಒಂದು ಬಂದರೆ ನಂಬಿಬಿಡುತ್ತಾನೆ.

ಹುಡುಗ ಸ್ಟಾರ್‌ನ ಹಿಂದೆ ಹಿಂದೋರೆ ಗೆರೆ ಹಾಕಿ ಕೊಡುತ್ತೇನೆ ಅಂದ. ಅದು ಪುಸ್ತಕದಲ್ಲಿರುವ ಪರಿಹಾರವೇ. ಆದರೆ ಮೈನಸ್ ವಿ ಮೂಲಕ ಕೊಟ್ಟ ಬೆಲೆಯೊಳಗಿನ ಹಿಂದೋರೆ ಗೆರೆಗಳನ್ನು ಆಕ್ ಬಾಗಿಲಲ್ಲೇ ಒಂದು ಸಲ ಬಿಡಿಸಿ ನೋಡುತ್ತದೆ, ಪ್ಯಾಟರ್ನ್ ಮಾಡುವಾಗ ಇನ್ನೊಂದು ಸಲ. ಮೊದಲ ತಪಾಸಣೆಯಲ್ಲೇ ಒಂದು ಗೆರೆ ಖರ್ಚಾಗುತ್ತದೆ, ಹಾಗಾಗಿ ಒಂದಕ್ಕೆ ಎರಡು ಹಾಕಬೇಕು. ಇದು ಬೇಡ ಅಂದರೆ ಬೆಲೆಯನ್ನು ಪರಿಸರದ ವೇರಿಯಬಲ್ ಮಾಡಿ ಕಳಿಸಿ ಒಳಗೆ ‘ಎನ್ವಿರಾನ್’ ಅನ್ನುವ ಪಟ್ಟಿಯಿಂದ ತೆಗೆದುಕೊಳ್ಳಬಹುದು. ಅಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ. ಪರ್ಲ್‌ನವರು, ಪೈಥಾನ್‌ನವರು ಇಂಥ ಗುರುತುಗಳನ್ನೆಲ್ಲ ಒಂದೇ ಏಟಿಗೆ ಪಳಗಿಸುವ ಆದೇಶವನ್ನೇ ಇಟ್ಟುಕೊಂಡಿದ್ದಾರೆ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ದೊಡ್ಡಮ್ಮ ಹಿತಕಿದ ಬೇಳೆಯ ತಟ್ಟೆ ಹಿಡಿದು ಬಂದು ನಿಂತಿದ್ದರು. “ಅಲ್ಲಪ್ಪಾ, ಅವನು ಕೇಳಿದ್ದು ಒಂದೇ ನಂಬರ್ ತಾನೇ? ಅದೇನಾ ಅಲ್ವಾ ಅಂತ ನೋಡಿದ್ರೆ ಸಾಲದಾ?”

ನಾನು ಸುತ್ತಿ ಬಳಸಿ ಹೇಳಬೇಕೆಂದಿದ್ದ ಮಾತು ಇದೇ. ಪೂರ್ತಿ ನಂಬರ್ ಕೈಯಲ್ಲಿರುವಾಗ ಪ್ಯಾಟರ್ನ್ ಯಾಕೆ? ಎರಡನೇ ಕಾಲಮ್ಮು ಇದಕ್ಕೆ ಸಮವಾ ಅಂತ ಎರಡು ಸಮ ಚಿಹ್ನೆ ಹಾಕಿ ಕೇಳಿದರೆ ಮುಗಿಯಿತು. ಸ್ಟಾರ್ ಸ್ಟಾರೇ, ಚುಕ್ಕಿ ಚುಕ್ಕಿಯೇ. ಸಾಲಿನೊಳಗೆ ಎಲ್ಲೋ ಇದೆಯಾ ಅಂತ ಮಾತ್ರ ನೋಡಬೇಕಾದರೆ ‘ಇಂಡೆಕ್ಸ್’ ಅನ್ನುವ ಫಂಕ್ಷನ್ ಇದೆ, ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನೂರಾರು ಹೆಸರಿನ ಪಟ್ಟಿಯನ್ನೇ ಒಂದೇ ಸಲಕ್ಕೆ ಹುಡುಕಬೇಕಾದರೆ ಸಾಲು ಹುಡುಕುವ ಸಲಕರಣೆಯಾದ ಗ್ರೆಪ್‌ಗೆ ‘ಇದನ್ನು ಪ್ಯಾಟರ್ನ್ ಅಂತ ತಿಳೀಬೇಡ’ ಅಂತ ಹೇಳುವ ಆಯ್ಕೆ ಕೊಟ್ಟರೆ ಸಾಕು. ಅದರ ಹಿಂದೆ ಇದೇ ಏಹೋ, ಮಾರ್ಗರೆಟ್ ಕೊರಾಸಿಕ್ ಜೊತೆ ಸೇರಿ 1975ರಲ್ಲಿ ಪ್ರಕಟಿಸಿದ ಉಪಾಯ ಇದೆ: ಪಟ್ಟಿ ಎಷ್ಟೇ ಉದ್ದ ಇರಲಿ, ಫೈಲನ್ನು ಒಂದೇ ಸಲ ಓದಿ ಮುಗಿಸುವುದು. ವೇರಿಯಬಲ್‌ನ್ನು ಪ್ಯಾಟರ್ನ್ ಒಳಗೆ ತೂರಿಸೋದು ಹೇಗೆ ಅಂತ ನನ್ನನ್ನು ಕೇಳುವವರಲ್ಲಿ ಬಹಳ ಜನಕ್ಕೆ ಬೇಕಾಗಿರೋದು ಪ್ಯಾಟರ್ನೇ ಅಲ್ಲ. ಆದರೆ ಸಮ ಚಿಹ್ನೆಯಲ್ಲೂ ಒಂದು ಕಳ್ಳಗಿಂಡಿ ಇದೆ ಅಂತ ಹುಡುಗನ ಕಿವಿಯಲ್ಲಿ ಹಾಕಿದೆ. ಅಂಕಿಯಂತೆ ಕಾಣುವುದನ್ನು ಆಕ್ ಅಂಕಿಯಾಗಿಯೇ ಹೋಲಿಸುತ್ತದೆ. ಅದಕ್ಕೆ 2.10 ಮತ್ತು 2.1 ಎರಡೂ ಒಂದೇ. ಎರಡೆಕರೆ ಹತ್ತು ಗುಂಟೆಯೂ ಎರಡೆಕರೆ ಒಂದು ಗುಂಟೆಯೂ ಒಂದೇ ಅಂದರೆ ಈ ಹೋಬಳಿಯಲ್ಲಿ ತಲೆ ಒಡೆದುಹೋಗುತ್ತವೆ.

ಪ್ಯಾಟರ್ನ್ ನಿಜವಾಗಿ ಬೇಕಾಗೋದು ಹೆಸರುಗಳಿಗೆ. ಅಲ್ಲೂ ತೊಡಕು ತಪ್ಪಿದ್ದಲ್ಲ, ನಮ್ಮ ಊರಿನ ಹೆಸರನ್ನೇ ತಗೊಳ್ಳಿ. ಬಾಯಲ್ಲಿ ತಾ-ಯ-ಲೂ-ರು, ನಾಲ್ಕಕ್ಷರ. ಯೂನಿಕೋಡ್ ಎಣಿಕೆಯಲ್ಲಿ ಏಳು, ಯಾಕೆಂದರೆ ದೀರ್ಘ, ಕೊಂಬು ಎಲ್ಲ ಬೇರೆ ಬೇರೆ. ಫೈಲಿನಲ್ಲಿ ಯುಟಿಎಫ್-8 ಆಗಿ ಕೂತಾಗ 21 ಬೈಟು. ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ ಅಂದೆನಲ್ಲ, ಹಳೆಯ ಆಕ್‌ಗಳಿಗೆ ಆ ಒಂದು ಅಕ್ಷರ ಅಂದರೆ ಒಂದು ಬೈಟು, ಅಂದರೆ ನಮ್ಮ ಅಕ್ಷರದ ಮೂರನೇ ಒಂದು ಪಾಲು. ಮೂಲ ಆಕ್‌ಗೆ ಯೂನಿಕೋಡ್ ಕಲಿಸಿದ್ದು ಕರ್ನಿಗನ್ ಅವರೇ, ಎಂಬತ್ತರ ವಯಸ್ಸಿನಲ್ಲಿ ಕೂತು. ಅದರ ನಂತರ 2023ರಲ್ಲಿ 1988ರ ಆಕ್ ಪುಸ್ತಕದ ಎರಡನೇ ಆವೃತ್ತಿಯೂ ಬಂತು. “ಎಂಬತ್ತರಲ್ಲಿ?” ಅಂತ ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡರು. ದೊಡ್ಡಮ್ಮನ ಕಡೆ ಒಂದು ಸಲ ನೋಡಿದರು ಕೂಡ.

‘ಕೋಲಾರ’ದಲ್ಲಿ ಇನ್ನೊಂದು ಚೇಷ್ಟೆ. ಆ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘದ ಬಾಲ ಅಂತ ಬಿಡಿಬಿಡಿಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಕೋಲಾರ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಎರಡೂ ಬೇರೆ ಜಿಲ್ಲೆ. ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳು ಹೆಸರುಗಳ ನಡುವೆ ನುಸುಳಿಕೊಂಡರೂ ಇದೇ ಪಾಡು. ಇದಕ್ಕೆ ವೇರಿಯಬಲ್ಲೂ ಪ್ಯಾಟರ್ನೂ ಏನೂ ಮಾಡಲಾರವು, ಹುಡುಕುವ ಮೊದಲು ಫೈಲನ್ನೇ ಒಂದು ಹದಕ್ಕೆ ತರಬೇಕು.

ಹುಡುಗ ಜಾಣ. ಕತ್ತಲಾಗುವಷ್ಟರಲ್ಲಿ ಸ್ಕ್ರಿಪ್ಟನ್ನು ಹೊಸದಾಗಿ ಬರೆದ. ಸರ್ವೆ ನಂಬರನ್ನು ಒಟ್ಟಿಗೆ ಹುಡುಕೋದು ಬಿಟ್ಟು ಓರೆಗೆರೆ ಬಂದಲ್ಲೆಲ್ಲ ಸೀಳಿದ. ಮೊದಲ ಹೋಳು 45ಕ್ಕೆ ಸಮ, ನಡುವಿನದು ಏನಾದರೂ ಇರಲಿ, ಮೂರನೆಯದಕ್ಕೆ ಮಾತ್ರ ವೇರಿಯಬಲ್‌ನಿಂದ ಬಂದ ಪ್ಯಾಟರ್ನ್, ಅದರ ಹಿಂದೆ ^ ಗುರುತು. 2 ಅಂತ ಕೊಟ್ಟರೆ 2ಎ, 2ಬಿ ಪೋಡಿಗಳೂ ಬಂದವು. ಪಿ ಅಂತ ಕೊಟ್ಟರೆ ದರಖಾಸ್ತಿನ ಪಿ ನಂಬರುಗಳೆಲ್ಲ ಒಟ್ಟಾಗಿ ಬಂದವು. 2 ಅಂದರೆ 21 ಕೂಡ ಬರುತ್ತದಲ್ಲಾ ಅಂದೆ. ಕೊಟ್ಟದ್ದು ಅಂಕಿಯಾದರೆ ಅದರ ಮುಂದೆ ಇನ್ನೊಂದು ಅಂಕಿ ಬರಬಾರದು ಅಂತ ಒಂದು ತುಂಡನ್ನು ಅಂಟಿಸಿ ಅದನ್ನೂ ಕಟ್ಟಿಹಾಕಿದ. ಸ್ಟಾರ್‌ನ ಗೊಡವೆಯೇ ಉಳಿಯಲಿಲ್ಲ.

ದೊಡ್ಡಪ್ಪ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಎರಡು ಕಡೆ ಬೆರಳಿಟ್ಟು ಈ ಜಮೀನು ಈಗ ಬೇರೆಯವರದು ಅಂದರು, ಒಂದು ಕಡೆ ತಂದೆಯ ಹೆಸರು ಬಿಟ್ಟುಹೋಗಿದೆ ಅಂದರು. ಆಮೇಲೆ ಒಳಗೆ ಹೋಗಿ ಇನ್ನೊಂದು ಪುಸ್ತಕ ತಂದರು. ಮೊದಲನೆಯದಕ್ಕಿಂತ ಹಳೆಯದು, ರಟ್ಟು ಹರಿದಿತ್ತು. ಒಳಗೆ ಅಂಕಿಗಳೆಲ್ಲ ಕನ್ನಡದವು: ೪೫/೨, ೪೬/೧.

“ಇದನ್ನೂ ಹಾಕಿಬಿಡು ನಾಯ್ನಾ. ಬರೆದಿದ್ದು ಬರೆದಂಗೇ ಇರಬೇಕು, ಅಂಕಿ ತಿದ್ದಬೇಡ.”

ಹುಡುಗ ನನ್ನ ಮುಖ ನೋಡಿದ. ಫೈಲು ಹಾಗೇ ಇರಲಿ, ಹುಡುಕುವಾಗ ಮಾತ್ರ ಒಂದು ಪ್ರತಿ ತೆಗೆದು ಅದರಲ್ಲಿ ಅಂಕಿ ಬದಲಾಯಿಸಿಕೋ ಅಂದೆ. ಅದಕ್ಕೆ ಅಕ್ಷರ ಬದಲಿಸುವ ಟಿಆರ್ ಸಲಕರಣೆ ಬಳಸುತ್ತೇನೆ ಅಂದ. ಬೇಡ ಅಂದೆ, ಗ್ನೂ ಟಿಆರ್ ಬೈಟು ಬೈಟಾಗಿ ನೋಡುತ್ತದೆ, ನಮ್ಮ ಒಂದು ೪ ಅದರ ಕಣ್ಣಿಗೆ ಮೂರು ತುಂಡು. ಸೆಡ್‌ನ ‘ವೈ’ ಆದೇಶ ಹಾಕು. ಅವನು ಬರೆದುಕೊಳ್ಳುತ್ತಿರುವಾಗ ದೊಡ್ಡಪ್ಪ ಪುಸ್ತಕದ ಮಧ್ಯದ ಪುಟವೊಂದನ್ನು ತೆರೆದು ಬೇಲಿಯ ಮೇಲಿಂದ ನನಗೇ ಕೊಟ್ಟರು. ಅಲ್ಲಿ ಅಂಕಿ ಕನ್ನಡದ್ದು, ಹೆಸರುಗಳು ತೆಲುಗು ಲಿಪಿಯಲ್ಲಿದ್ದವು.